ಕವಳಿಹಣ್ಣು, ಗಂಟಿ, ಏಳು

ಗೋವಾದಿಂದ ಲಾರಿಯೊಳಗ ಬಂದ್ವು ಆರು ಮಷೀನು,
ಹುಲ್ಲು ಸುತ್ತಿ, ಗೋಣಿಚೀಲ ಹೊಚ್ಚಿ,
ಮುದಿ ದನ ಸಂತಿಗೆ ತಂದಂಗ.
ಹುಬ್ಬಳ್ಳಿ ಸ್ಟೇಷನ್ ರೋಡಿನ್ಯಾಗ ಬಳಿ ಅಂಗಡಿ ಮ್ಯಾಲಿನ ಮಾಳಿಗಿ,
ಕೆಳಗ ಗಿರಮಿಟ್ಟಿನ ವಗ್ಗರಣಿ, ಮ್ಯಾಲೆ ನಾವು.
ಒಂದಕ್ಕ ಹಿಡಿಕಿ ಇರಲಿಲ್ಲ.
ಹಾಳುಬಿದ್ದ ಬೋರಿನ ಪಂಪಿನ ಹಿಡಿಕಿ ಕೊಯ್ದು
ಬೆಸುಗಿ ಹಾಕಿದೆ.
ಅದಽ ಚಲೋ ಕೊಡತೈತಿ ಅಂತ
ಮರುದಿನಾನ ಸುದ್ದಿ ಆತು.

ಚೆರಿ ಹಣ್ಣು ಯಾರೂ ಕಂಡಿರಲಿಲ್ಲ.
ಕವಳಿಹಣ್ಣು ಅಂದ್ರು. ಗಂಟಿಗೆ ಗಂಟಿ. ಏಳಕ್ಕ ಏಳು.
ಕರೀ ಪಟ್ಟಿಗೆ ಹೆಸರಽ ಇಡಲಿಲ್ಲ,
ಅದು ಬಂದ್ರ ಎಲ್ಲಾರೂ ಸುಮ್ನಾಗ್ತಿದ್ರು.

ಸೋಮಲಿಂಗ ಹಡಪದ ಹಿತ್ತಾಳಿ ಬಿಲ್ಲಿ ಎಡಗೈಲೆ ಹಾಕಾವ.
ಅಕ್ಬರಲಿ ಬನೀನಿನ್ಯಾಗ ಇಟ್ಟು ಬಿಸಿ ಮಾಡಾವ:
ತಣ್ಣಂದು ನುಂಗತೈತಿ, ಬಿಸೀದು ಉಗುಳತೈತಿ.
ಕಾಲೇಜಿನ ಪ್ಯೂನ್ ನಿಂಗನಗೌಡನ ಕಡೆ ನೋಟಬುಕ್ಕು,
ಮೂರು ತಿಂಗಳ ಏಳು ಎಲ್ಲಾ ಕೆಂಪು ಶಾಯಿಲೆ.
"ಬೆಳಗಿಂದ ಕೊಟ್ಟಿಲ್ಲ, ಹೊಟ್ಟಿ ತುಂಬೇತಿ, ಈಗ ಕಕ್ಕತೈತಿ"
ಅಂತ ಒಬ್ಬ.
"ಈಗಷ್ಟ ಕೊಟ್ಟೈತಿ, ಕೈ ಹತ್ತೇತಿ, ಇನ್ನೂ ಕೊಡತೈತಿ"
ಅಂತ ಅದಽ ಬೆಂಚಿನ ಮ್ಯಾಲೆ ಇನ್ನೊಬ್ಬ.
ಇಬ್ಬರೂ ಒಂದಽ ಮಷೀನಿಗೆ ಪಾಳಿ ಹಚ್ಚಿದ್ರು.

ಫಕೀರಪ್ಪ ಬಳಿಗೇರ,
ರೈಲ್ವೆ ವರ್ಕ್‌ಶಾಪಿನ್ಯಾಗ ಮೂವತ್ತೊಂದು ವರ್ಷ ಫಿಟ್ಟರ್.
ಆ ಮನಿಶಾಗ ಸುಳ್ಳು ಹೇಳಾಕ ಬಾಯಿ ಬರಲಿಲ್ಲ.
ಒಂದು ರಾತ್ರಿ ಷಟರ್ ಅರ್ಧ ಇಳಿಸಿ
ಮಷೀನಿನ ಬಾಗಲಾ ತಗದು ಟಾರ್ಚ್ ಹಿಡದೆ.

"ನೋಡ್ರಿ ಕಾಕಾ, ಒಂದೊಂದು ಗಾಲಿಗೆ ಇಪ್ಪತ್ತು ಚಿತ್ರ, ಒಂದಽ ಏಳು.
ಇಪ್ಪತ್ತು ಇಪ್ಪತ್ತಲೆ ನಾಕನೂರು,
ನಾಕನೂರು ಇಪ್ಪತ್ತಲೆ ಎಂಟು ಸಾವಿರ.
ಅಷ್ಟರಾಗ ಒಮ್ಮೆ ಮೂರು ಏಳು ಕೂಡತಾವು.
ಅದೂ ಗಾಲಿ ತಾನಽ ನಿಲ್ಲತಿದ್ದ ಕಾಲಕ್ಕ.
ಈಗ ಈ ಕರೀ ಚಿಪ್ಪು, ಹುಣಸಿಬೀಜ ಕಂಡಂಗ ಕಾಣತೈತಲ್ಲಾ,
ನೀವು ಹಿಡಿಕಿ ಜಗ್ಗಿದಾಗಽ ಅಂಕಿ ಆರಿಸಿ ಮುಗಿಸಿರತೈತಿ.
ಗಾಲಿ ತಿರುಗೂದು ಬರೇ ಮೆರವಣಿಗಿ,
ಅಕ್ಕಿಕಾಳು ಮೊದಲಽ ಬಿದ್ದಾವು.
ಒಂದು ಎಳಿ ತಪ್ಪಿತು ಅಂತ ತಲಿ ಬಡಕೋತೀರಲ್ಲಾ,
ಇದಕ್ಕ ಹತ್ರಾನೂ ಇಲ್ಲ, ದೂರಾನೂ ಇಲ್ಲ.
ನಿನ್ನೆ ಅನ್ನೂದು ಗೊತ್ತಿಲ್ಲ ಇದಕ್ಕ.
ನೂರು ಹಾಕಿದ್ರ ಎಂಬತ್ತೈದು ತಿರುಗಿ ಕೊಡತೈತಿ,
ಊರಿಗೆ, ನಿಮಗ ಅಂತಲ್ಲ.
ಆ ಎಂಬತ್ತೈದು ಮತ್ತ ಒಳಗ ಹೋಕ್ಕೈತಿ,
ಎಪ್ಪತ್ತೆರಡು ಆಕೈತಿ, ಅರವತ್ತೊಂದು ಆಕೈತಿ,
ಜ್ವಾಳದ ಹಿಟ್ಟು ಸಾಣಿಗಿ ಹಿಡದಽ ಹಿಡದಂಗ."

ಕಾಕಾ ಚಾಳೀಸ ಹಾಕ್ಕೊಂಡು ಬಗ್ಗಿದ.
ಬಾಳಹೊತ್ತು ನೋಡಿದ.
ಒಂದು ಸ್ಪ್ರಿಂಗಿಗೆ ಬೊಟ್ಟ ಹಚ್ಚಿ
"ಇದು ಸವದೈತಿ ನೋಡು" ಅಂದ.
"ಎಲ್ಲಾ ತಿಳೀತಪಾ" ಅಂದ.
ಪಾವಟಣಿಗಿ ಅರ್ಧ ಇಳದಾವ ತಿರುಗಿ ನಿಂತ:
"ಹಂಗಾರ, ಆ ಪಂಪಿನ ಹಿಡಿಕೀದು
ನಾಳೆ ಎಷ್ಟಕ್ಕ ತಗೀತೀ?"

ನಗಾಕ ನನಗೇನು ಹಕ್ಕು.
ನಮ್ಮಪ್ಪ ಗದಗ ಸ್ಟೇಷನ್ನಿನ ತೂಕದ ಮಷೀನು ರಿಪೇರಿ ಮಾಡಾವ.
ನಾಕಾಣೆ ಹಾಕಿದ್ರ ಬಣ್ಣದ ಲೈಟು ಗರಗರ,
ಆಮ್ಯಾಲೆ ಟಪ್ ಅಂತ ರಟ್ಟಿನ ಚೀಟಿ,
ಈ ಮಗ್ಗಲ ತೂಕ, ಆ ಮಗ್ಗಲ ಭವಿಷ್ಯ.
ಕಟ್ಟು ಬಿಚ್ಚಿ ಆ ಚೀಟಿ ತುಂಬಾವ ನಾನಽ,
ಒಂಬತ್ತು ವರ್ಷದಾಂವ.
ಐನೂರು ಚೀಟಿಗೆ ಹತ್ತಽ ನಮೂನಿ ಮಾತು,
ಎಲ್ಲಾ ಬಾಯಿಪಾಠ ಬರತಿತ್ತು.

ಆದ್ರೂ
ಹತ್ತನೆತ್ತೆ ಪರೀಕ್ಷಾದ ಹಿಂದಿನ ದಿನ,
ಪ್ಲಾಟಫಾರ್ಮಿನ್ಯಾಗ ಯಾರೂ ಇರಲಾರದ ಹೊತ್ತು ನೋಡಿ,
ನಾನಽ ತುಂಬಿದ ಮಷೀನು ಹತ್ತಿ ನಿಂತು
ನನ್ನವಽ ನಾಕಾಣೆ ಹಾಕಿದೆ.

ಚೀಟಿ ಇನ್ನೂ ಪಾಕೀಟಿನ್ಯಾಗ ಐತಿ, ಮೂಲಿ ಸವದು.
"ನಿಮ್ಮ ಒಳ್ಳೆಯ ಕಾಲ ಹತ್ತಿರದಲ್ಲಿದೆ."
ತೂಕ ನಲವತ್ತೊಂದು ಕಿಲೋ.
ಅದರ ಸ್ಪ್ರಿಂಗೂ ಸವದಿತ್ತು,
ಎರಡು ಕಿಲೋ ಹೆಚ್ಚ ತೋರಸತಿತ್ತು.
ಅಪ್ಪಗೂ ಗೊತ್ತಿತ್ತು ಅದು. ನನಗೂ.